ಹ್ಯಾಲೋವೀನ್ ರಾತ್ರಿ ಒಂದು ಬೀದಿಯಲ್ಲಿ ಮಕ್ಕಳ ಜಾತ್ರೆ, ಪಕ್ಕದ ಬೀದಿ ಖಾಲಿ: ಕಾರಣ ವಿಷದ ಚಾಕೊಲೇಟಾ?

ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಫ್ಯಾಮಿಲಿ ಗ್ರೂಪುಗಳಲ್ಲಿ ಒಂದು ಹಳೆಯ ಮೆಸೇಜು ಮತ್ತೆ ಓಡಾಡಲು ಶುರುವಾಗುತ್ತದೆ. ಅಮೆರಿಕದಲ್ಲಿ ಹ್ಯಾಲೋವೀನ್ ದಿನ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಚಾಕೊಲೇಟ್ ಕೇಳುತ್ತಾರೆ. ಅಪರಿಚಿತರು ಅದರಲ್ಲಿ ಬ್ಲೇಡು, ವಿಷ, ಡ್ರಗ್ಸ್ ಸೇರಿಸಿ ಕೊಡುತ್ತಾರೆ. ಹಾಗಾಗಿ ಎಷ್ಟೋ ಬೀದಿಗಳಿಗೆ ಈಗ ಮಕ್ಕಳು ಹೋಗುವುದೇ ಇಲ್ಲ. ಅಲ್ಲಿರುವ ನಿಮ್ಮವರಿಗೆ ಕೂಡಲೇ ಕಳಿಸಿ. ಸ್ವಲ್ಪ ಹೆಚ್ಚುಕಮ್ಮಿ ಇಷ್ಟೇ ಅದರ ಸಾರ.

ಬೆಂಗಳೂರಿನ ಓದುಗರೊಬ್ಬರು ಈ ಫಾರ್ವರ್ಡ್ ಅನ್ನು ನಮಗೆ ಕಳಿಸಿದಾಗ ಜೊತೆಗೆ ತಮ್ಮದೇ ಅನುಭವವನ್ನೂ ಬರೆದಿದ್ದರು. ಅವರ ಮಗಳು, ಅಳಿಯ ಟೆಕ್ಸಸ್‌ನಲ್ಲಿದ್ದಾರೆ. 2024ರ ಅಕ್ಟೋಬರ್ 31ರಂದು ಇವರೂ ಅಲ್ಲೇ ಇದ್ದರು. ಎರಡು ದೊಡ್ಡ ಚೀಲ ಚಾಕೊಲೇಟ್ ತಂದಿಟ್ಟುಕೊಂಡು ಒಂಬತ್ತು ಗಂಟೆಯವರೆಗೆ ಕಾದರು. ಒಂದು ಮಗುವೂ ಬರಲಿಲ್ಲ. ಹತ್ತು ನಿಮಿಷ ನಡೆದರೆ ಸಿಗುವ ಇನ್ನೊಂದು ಬಡಾವಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ. "ನಮ್ಮನ್ನ ಇಂಡಿಯಾದವರು ಅಂತ ಬಿಟ್ಟರಾ, ಇಲ್ಲ ಈ ಮೆಸೇಜಲ್ಲಿ ಹೇಳೋ ಹಾಗೆ ಭಯಪಟ್ಟು ಯಾರೂ ಬರ್ಲಿಲ್ವಾ? ಮಗಳು ಅವತ್ತು ಊಟಾನೂ ಸರಿಯಾಗಿ ಮಾಡಲಿಲ್ಲ" ಎಂದು ಕೇಳಿದ್ದರು.

ಈ ಪ್ರಶ್ನೆ ನಮ್ಮನ್ನು ಕೂರಿಸಿತು. ಹ್ಯಾಲೋವೀನ್ ಬಗ್ಗೆ ಬರುವ ಫಾರ್ವರ್ಡ್‌ಗಳೆಲ್ಲ ಮಿಠಾಯಿಯಲ್ಲಿ ಏನಿದೆ ಎನ್ನುತ್ತವೆಯೇ ಹೊರತು ಮಕ್ಕಳು ಯಾವ ಬಾಗಿಲಿಗೆ ಹೋಗುತ್ತಾರೆ, ಯಾವುದಕ್ಕೆ ಹೋಗುವುದಿಲ್ಲ, ಯಾಕೆ ಎನ್ನುವುದನ್ನು ಕೇಳುವುದಿಲ್ಲ. ಅದನ್ನು ಹುಡುಕುತ್ತಾ ಹೋದರೆ ವಿಷದ ಕಥೆಗೂ ಉತ್ತರ ಸಿಗುತ್ತದೆ, ಅದಕ್ಕಿಂತ ದೊಡ್ಡದಾದ ಇನ್ನೊಂದು ಅಪಾಯವೂ ಕಾಣುತ್ತದೆ.

ಮೊದಲು, ಇದು ಎಂಥ ಹಬ್ಬ?

ಸ್ಕಾಟ್ಲೆಂಡ್, ಐರ್ಲೆಂಡ್‌ಗಳಲ್ಲಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಹಾಡು ಹೇಳಿ ತಿಂಡಿ ಪಡೆಯುವ ಪದ್ಧತಿ ಹಿಂದಿನಿಂದಲೂ ಇತ್ತು. ವಲಸೆ ಹೋದವರೊಂದಿಗೆ ಅದು ಅಟ್ಲಾಂಟಿಕ್ ದಾಟಿತು. "ಟ್ರಿಕ್ ಆರ್ ಟ್ರೀಟ್", ಅಂದರೆ ತಿಂಡಿ ಕೊಡ್ತೀರಾ ಇಲ್ಲ ತರಲೆ ಮಾಡಲಾ ಎಂಬ ಮಾತು 1920ರ ದಶಕದಲ್ಲಿ ಪಶ್ಚಿಮ ಕೆನಡಾದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ರೇಷನ್ ಬಂದು ಎಲ್ಲ ತಣ್ಣಗಾಯಿತು. 1947ರಲ್ಲಿ ರೇಷನ್ ತೆಗೆದ ಮೇಲೆ ಅಮೆರಿಕದಾದ್ಯಂತ ಹಬ್ಬಿತು.

ಹಳೇ ಮೈಸೂರು ಕಡೆ ಗಣೇಶನ ಹಬ್ಬದ ದಿನ ಕೈಯಲ್ಲಿ ಅಕ್ಷತೆ ಹಿಡಿದು "ರೀ, ನಿಮ್ಮನೇಲಿ ಗಣೇಶ ಕೂರ್ಸಿದ್ದೀರಾ?" ಎಂದು ಬೀದಿ ಬೀದಿ ಸುತ್ತಿದವರಿಗೆ ಇದರ ಲೆಕ್ಕಾಚಾರ ಹೇಳಿಕೊಡಬೇಕಿಲ್ಲ. ಯಾವ ಬೀದಿಯಲ್ಲಿ ಹೆಚ್ಚು ಗಣಪತಿ, ಯಾರ ಮನೆಯಲ್ಲಿ ಬರೀ ಸಕ್ಕರೆ, ಯಾರ ಮನೆಯಲ್ಲಿ ಕಡುಬು ಎನ್ನುವುದು ಮಕ್ಕಳಿಗೆ ಬಾಯಿಪಾಠ. ಅಮೆರಿಕದ ಮಕ್ಕಳೂ ಹಾಗೆಯೇ. ಅವರ ಕೈಯಲ್ಲಿರುವುದು ಎರಡು ಗಂಟೆ ಮಾತ್ರ. ಎಷ್ಟೋ ಊರುಗಳಲ್ಲಿ ಸ್ಥಳೀಯ ಆಡಳಿತವೇ ಸಂಜೆ ಇಂತಿಷ್ಟರಿಂದ ಇಂತಿಷ್ಟರವರೆಗೆ ಎಂದು ವೇಳೆ ಗೊತ್ತುಮಾಡುತ್ತದೆ. ಆ ಎರಡು ಗಂಟೆಯಲ್ಲಿ ಚೀಲ ತುಂಬಬೇಕು.

ಅಂದಮೇಲೆ ಇದು ಬಾಗಿಲುಗಳ ಲೆಕ್ಕ

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಫಿಲಡೆಲ್ಫಿಯಾದಂಥ ಹಳೆಯ ನಗರಗಳಲ್ಲಿ ಒಂದಕ್ಕೊಂದು ಗೋಡೆ ಅಂಟಿಕೊಂಡ ಸಾಲುಮನೆಗಳಿವೆ. ಮನೆಯ ಅಗಲ 20 ಅಡಿ ಎಂದಿಟ್ಟುಕೊಳ್ಳಿ. ಫುಟ್‌ಪಾತಿನಿಂದ ಬಾಗಿಲಿಗೆ 15 ಅಡಿ, ಮತ್ತೆ ವಾಪಸ್ 15 ಅಡಿ. ಅಲ್ಲಿಗೆ ಒಂದು ಬಾಗಿಲಿಗೆ ಮಗು 50 ಅಡಿ ನಡೆದರೆ ಸಾಕು. ಈಗ ನಗರದ ಹೊರವಲಯದ ಶ್ರೀಮಂತ ಬಡಾವಣೆಗೆ ಬನ್ನಿ. ಒಂದೊಂದು ಮನೆಗೆ ಒಂದು ಎಕರೆ, ಅಂದರೆ ನಮ್ಮ 30×40 ಸೈಟುಗಳು 36 ಹಿಡಿಸುವಷ್ಟು ಜಾಗ. ರಸ್ತೆ ಕಡೆಗೆ ಅದರ ಮುಖ 160 ಅಡಿ, ಗೇಟಿನಿಂದ ಬಾಗಿಲಿಗೆ 80 ಅಡಿ ಎಂದುಕೊಂಡರೂ ಒಂದು ಬಾಗಿಲಿಗೆ 320 ಅಡಿ ನಡೆಯಬೇಕು. ಪುಟ್ಟ ಕಾಲುಗಳು ಒಂದು ಮೈಲಿ ನಡೆದರೆ ಸಾಲುಮನೆಗಳ ಬೀದಿಯಲ್ಲಿ ನೂರು ಬಾಗಿಲು, ಎಕರೆ ಬಂಗಲೆಗಳ ಬೀದಿಯಲ್ಲಿ ಹದಿನಾರು.

ಬಂಗಲೆಯವರು ಎಷ್ಟೇ ದೊಡ್ಡ ಚಾಕೊಲೇಟ್ ಕೊಟ್ಟರೂ ಈ ಅಂತರ ತುಂಬುವುದು ಕಷ್ಟ. ನಗರ ಯೋಜಕರು ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. ವ್ಯಾಂಕೂವರ್ ನಗರದ ಮುಖ್ಯ ಯೋಜಕರಾಗಿದ್ದ ಬ್ರೆಂಟ್ ಟೊಡೇರಿಯನ್ "ಟ್ರಿಕ್ ಆರ್ ಟ್ರೀಟ್ ಪರೀಕ್ಷೆ" ಎಂಬ ಮಾತನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರು. ಬಾಗಿಲು ರಸ್ತೆಗೆ ಕಾಣುತ್ತದೆಯೇ ಅಥವಾ ಕಾರು ನಿಲ್ಲಿಸುವ ಗ್ಯಾರೇಜಿನ ಷಟರ್ ಮಾತ್ರ ಕಾಣುತ್ತದೆಯೇ, ಮುಂದೆ ಜಗಲಿ ಇದೆಯೇ, ಬೀದಿಗಳು ಒಂದಕ್ಕೊಂದು ಕೂಡುತ್ತವೆಯೇ, ನಡೆಯಲು ಫುಟ್‌ಪಾತ್ ಇದೆಯೇ ಎಂದು ನೋಡಿದರೆ ಆ ಬಡಾವಣೆ ನಡೆಯುವವರಿಗೆ ಎಷ್ಟು ಒಳ್ಳೆಯದು ಎಂದು ಗೊತ್ತಾಗುತ್ತದೆ ಎನ್ನುವುದು ಅದರ ತಿರುಳು.

ಇಲ್ಲಿ ಡೆಡ್ ಎಂಡ್ ಬೀದಿಗಳ ವಿಷಯ ಹೇಳಲೇಬೇಕು. ಅಮೆರಿಕದ ಹೊರವಲಯಗಳಲ್ಲಿ ಕೊನೆ ಮುಚ್ಚಿದ, ತುದಿಯಲ್ಲಿ ದುಂಡಗೆ ತಿರುಗುವ ಬೀದಿಗಳು ಹೇರಳ. ಕಾರುಗಳ ಕಾಟ ಕಡಿಮೆ, ಸಂಜೆ ಮಕ್ಕಳಿಗೆ ಆಡಲು ಚೆನ್ನ. ಆದರೆ ಹ್ಯಾಲೋವೀನ್ ರಾತ್ರಿ ಒಳಗೆ ಹೋದ ದಾರಿಯಲ್ಲೇ ವಾಪಸ್ ಬರಬೇಕು. ಆರು ಮನೆಗಾಗಿ ಯಾರು ಒಳಗೆ ಹೋಗುತ್ತಾರೆ? ಮುಖ್ಯ ಬೀದಿಯಲ್ಲೇ ಮುಂದಕ್ಕೆ ಸಾಗುತ್ತಾರೆ. ಅಪಾರ್ಟ್‌ಮೆಂಟುಗಳ ಕಥೆಯೂ ಇದೇ. ಬಾಗಿಲುಗಳೇನೋ ಒತ್ತೊತ್ತಾಗಿವೆ, ಆದರೆ ಕೆಳಗಿನ ಮುಖ್ಯ ಬಾಗಿಲಿಗೆ ಬೀಗ ಅಥವಾ ಕೋಡ್ ಇದ್ದರೆ ಹೊರಗಿನ ಮಕ್ಕಳು ಒಳಗೆ ಬರುವಂತೆಯೇ ಇಲ್ಲ. ಕೆಲಸಕ್ಕೆಂದು ಹೊಸದಾಗಿ ಅಮೆರಿಕಕ್ಕೆ ಹೋದ ನಮ್ಮವರಲ್ಲಿ ಬಹಳಷ್ಟು ಮಂದಿ ಮೊದಲ ಕೆಲವು ವರ್ಷ ಇರುವುದು ಇಂಥ ಅಪಾರ್ಟ್‌ಮೆಂಟುಗಳಲ್ಲೇ. "ನಮ್ಮ ಮನೆಗೆ ಯಾರೂ ಬರಲ್ಲ" ಎಂಬ ಅವರ ಬೇಸರಕ್ಕೆ ಎಷ್ಟೋ ಸಲ ಕಾರಣ ಆ ಬೀಗ.

ಲೈಟು ಆರಿದ್ದರೆ "ಬರಬೇಡಿ" ಎಂದರ್ಥ

ಬೋರ್ಡು ಹಾಕದೆ, ಯಾರೂ ಬಾಯಿಬಿಟ್ಟು ಹೇಳದೆ ಇಡೀ ದೇಶ ಪಾಲಿಸುವ ನಿಯಮವೊಂದಿದೆ. ಮನೆ ಮುಂದಿನ ಲೈಟು ಉರಿಯುತ್ತಿದ್ದರೆ ಬನ್ನಿ, ಆರಿದ್ದರೆ ಬರಬೇಡಿ. ಒಳಗೆ ಟಿವಿ ಓಡುತ್ತಿರಲಿ, ಕಿಟಕಿಯಲ್ಲಿ ಜನ ಕಾಣಲಿ, ಹೊರಗಿನ ಬಲ್ಬ್ ಆರಿದ್ದರೆ ಮಕ್ಕಳು ಮುಂದಿನ ಮನೆಗೆ ಹೋಗುತ್ತಾರೆ. ಅಲ್ಲಿ ಹುಟ್ಟಿ ಬೆಳೆದವರಿಗೆ ಇದು ಹೇಳಿಕೊಡುವ ವಿಷಯವೇ ಅಲ್ಲ. ಹಾಗಾಗಿ ಹೊಸಬರಿಗೂ ಯಾರೂ ಹೇಳಿಕೊಡುವುದಿಲ್ಲ.

ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವಾದ ನ್ಯಾಷನಲ್ ರೀಟೇಲ್ ಫೆಡರೇಷನ್ ಪ್ರತಿವರ್ಷ ನಡೆಸುವ ಸಮೀಕ್ಷೆಯಲ್ಲಿ ಸುಮಾರು ಮೂರನೇ ಎರಡರಷ್ಟು ಜನ ಮಿಠಾಯಿ ಹಂಚುತ್ತೇವೆ ಎನ್ನುತ್ತಾರೆ. ಎಲ್ಲರೂ ಮಾತಿನಂತೆ ನಡೆದುಕೊಂಡರೂ ಮೂರರಲ್ಲಿ ಒಬ್ಬರು ಹಂಚುವುದಿಲ್ಲ ಎಂದಾಯಿತು. ಚಿಕ್ಕ ಮಕ್ಕಳಿರುವ ಮನೆಯವರು ತಾವೇ ಮಕ್ಕಳ ಜೊತೆ ಬೀದಿಯಲ್ಲಿರುತ್ತಾರೆ, ಮನೆಯಲ್ಲಿ ಕೊಡಲು ಯಾರೂ ಇರುವುದಿಲ್ಲ. ಅಂಥವರು ಬಾಗಿಲ ಮುಂದೆ ಬುಟ್ಟಿ ಇಟ್ಟು "ಒಂದೇ ತೆಗೆದುಕೊಳ್ಳಿ" ಎಂದು ಚೀಟಿ ಅಂಟಿಸುತ್ತಾರೆ. (ಚೀಟಿ ಎಷ್ಟು ಕೆಲಸ ಮಾಡುತ್ತದೆ? ಮನೋವಿಜ್ಞಾನಿ ಎಡ್ ಡೀನರ್ ಮತ್ತು ಸಂಗಡಿಗರು ಸಿಯಾಟಲ್‌ನ 27 ಮನೆಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮರೆಯಿಂದ ಗಮನಿಸಿ 1976ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂಟಿಯಾಗಿ ಬಂದು ಹೆಸರು ಹೇಳಿದ ಮಕ್ಕಳಿಗಿಂತ, ಹೆಸರು ಕೇಳದೆ ಬಿಟ್ಟ ಗುಂಪಿನ ಮಕ್ಕಳು ಹೆಚ್ಚಿಗೆ ಎತ್ತಿಕೊಂಡಿದ್ದರು. ನಾವಾಗಿದ್ದರೂ ಅಷ್ಟೇ.)

ಬಡಾವಣೆಗೂ ವಯಸ್ಸಾಗುತ್ತದೆ

"ಹತ್ತು ವರ್ಷದ ಹಿಂದೆ ನೂರಾರು ಮಕ್ಕಳು ಬರುತ್ತಿದ್ದರು, ಈಗ ಯಾರೂ ಇಲ್ಲ, ಕಾಲ ಕೆಟ್ಟಿತು" ಎನ್ನುವವರು ಅಮೆರಿಕದಲ್ಲೂ ಬೇಕಾದಷ್ಟಿದ್ದಾರೆ. ಆದರೆ ಅಲ್ಲಿ ಒಂದು ಬಡಾವಣೆಯ ಮನೆಗಳನ್ನೆಲ್ಲ ಒಬ್ಬನೇ ಬಿಲ್ಡರ್ ಒಂದೇ ಕಾಲಕ್ಕೆ ಕಟ್ಟಿ ಮಾರುವುದು ಸಾಮಾನ್ಯ. ಕೊಳ್ಳುವವರಲ್ಲಿ ಹೆಚ್ಚಿನವರು ಪುಟ್ಟ ಮಕ್ಕಳಿರುವ ಮೂವತ್ತರ ಆಸುಪಾಸಿನ ದಂಪತಿ. ಮೊದಲ ಹತ್ತು ವರ್ಷ ಬೀದಿ ತುಂಬ ಮಕ್ಕಳು. ಆಮೇಲೆ ಆ ಮಕ್ಕಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಕಾಲೇಜಿಗೆ ಹೋಗುತ್ತಾರೆ, ಅಪ್ಪ ಅಮ್ಮ ಅದೇ ಮನೆಯಲ್ಲಿ ಉಳಿಯುತ್ತಾರೆ. ಬೀದಿ ಬದಲಾಗಿಲ್ಲ, ಅಲ್ಲಿದ್ದ ಮಕ್ಕಳು ದೊಡ್ಡವರಾಗಿದ್ದಾರೆ. ಎರಡು ಮೈಲಿ ಆಚೆ ಹೊಸದಾಗಿ ಕಟ್ಟಿದ ಬಡಾವಣೆಯಲ್ಲಿ ಈಗ ಜಾತ್ರೆ.

ದೇಶದಲ್ಲಿ ಒಟ್ಟಾರೆ ಮಕ್ಕಳೂ ಕಡಿಮೆಯಾಗಿದ್ದಾರೆ. 2007ರಲ್ಲಿ ಅಮೆರಿಕದಲ್ಲಿ 43 ಲಕ್ಷ ಮಕ್ಕಳು ಹುಟ್ಟಿದ್ದರು, ಅದೊಂದು ದಾಖಲೆ. 2023ರಲ್ಲಿ ಹುಟ್ಟಿದವರು ಸುಮಾರು 36 ಲಕ್ಷ.

ಜನ ಇರುವಲ್ಲಿಗೇ ಜನ

ಇಷ್ಟೆಲ್ಲ ಹೇಳಿದರೂ ಒಂದು ಒಗಟು ಉಳಿಯುತ್ತದೆ. ಒಂದೇ ಥರದ ಮನೆಗಳು, ಒಂದೇ ಥರದ ಜನ ಇರುವ ಅಕ್ಕಪಕ್ಕದ ಎರಡು ಬೀದಿಗಳಲ್ಲೂ ಕೆಲವೊಮ್ಮೆ ಅಜಗಜಾಂತರ ಇರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಕ್ಕಳೆಲ್ಲ ಫೇರ್ ಓಕ್ಸ್ ಬೀದಿ, ಬೆಲ್ವೆಡೀರ್ ಬೀದಿ ಎನ್ನುತ್ತಾರೆ. ಮಾರ್ಥಾಸ್ ವಿನ್‌ಯರ್ಡ್ ದ್ವೀಪದಲ್ಲಿ ವಿಲಿಯಂ ಬೀದಿಗೇ ಎಲ್ಲರ ಓಟ.

ಇದನ್ನು ಅರ್ಥ ಮಾಡಿಕೊಳ್ಳಲು ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ನೆರವಿಗೆ ಬರುತ್ತಾರೆ. ಒಬ್ಬರಿಗೊಬ್ಬರು ಮಾತಾಡಿಕೊಳ್ಳದೆಯೇ ಜನ ಒಂದೇ ಜಾಗದಲ್ಲಿ ಸೇರುವುದು ಹೇಗೆ ಎಂದು ಅವರು 1960ರ ತಮ್ಮ ಪುಸ್ತಕದಲ್ಲಿ ಚರ್ಚಿಸಿದ್ದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. "ಬೇರೆಯವರು ಎಲ್ಲಿಗೆ ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೋ" ಆ ಜಾಗವೇ ಸೇರುವ ಜಾಗ. ಹ್ಯಾಲೋವೀನ್‌ಗೆ ಇದು ಸರಿಯಾಗಿ ಹೊಂದುತ್ತದೆ. ಒಂದು ವರ್ಷ ಒಂದು ಬೀದಿಯಲ್ಲಿ ನಾಲ್ಕು ಮನೆಯವರು ಅಲಂಕಾರ ಜೋರಾಗಿ ಮಾಡಿದರು. ಮಕ್ಕಳು ಹೆಚ್ಚು ಬಂದರು. ಮುಂದಿನ ವರ್ಷ ಉಳಿದ ಮನೆಯವರೂ ಚಾಕೊಲೇಟ್ ತಂದರು, ಲೈಟು ಹಾಕಿದರು. ಬಾಗಿಲು ಹೆಚ್ಚಾದವು, ಮಕ್ಕಳು ಇನ್ನೂ ಹೆಚ್ಚಾದರು. ಪಕ್ಕದ ಬೀದಿಯಲ್ಲಿ ಇದೇ ಚಕ್ರ ಹಿಂದಕ್ಕೆ ತಿರುಗಿತು. ಮಕ್ಕಳು ಕಡಿಮೆ, ಮಿಠಾಯಿ ಉಳಿಯಿತು, ಮುಂದಿನ ವರ್ಷ ಬೇಡವೆಂದು ಲೈಟು ಆರಿಸಿದರು, ಮಕ್ಕಳು ಇನ್ನೂ ಕಡಿಮೆ. ಆರಂಭದ ವ್ಯತ್ಯಾಸ ನಾಲ್ಕು ಮನೆಯದ್ದು. ಕೆಲವೇ ವರ್ಷಗಳಲ್ಲಿ ಒಂದು ಕಡೆ ಜಾತ್ರೆ, ಇನ್ನೊಂದು ಕಡೆ ಕತ್ತಲೆ.

ಝಿಲ್ಲೋ ಎಂಬ ಮನೆ ಮಾರಾಟದ ವೆಬ್‌ಸೈಟು ಕೆಲವು ವರ್ಷ "ಟ್ರಿಕ್ ಆರ್ ಟ್ರೀಟ್‌ಗೆ ಒಳ್ಳೆಯ ಊರುಗಳು" ಎಂಬ ಪಟ್ಟಿ ಹೊರಡಿಸುತ್ತಿತ್ತು. ಮನೆಗಳ ಬೆಲೆ, ಮನೆಗಳ ನಡುವಿನ ದೂರ, ಅಪರಾಧ ಪ್ರಮಾಣ, 10 ವರ್ಷದೊಳಗಿನ ಮಕ್ಕಳ ಪಾಲು ಇಂಥವನ್ನು ಕೂಡಿಸಿ ಕೊಡುವ ಅಂಕ ಅದು. ಇಂಥ ಪಟ್ಟಿಗಳನ್ನು ಹಂಚಿಕೊಳ್ಳುವ ಮುನ್ನ ಒಂದು ವಿಷಯ ಗಮನಿಸಿ: ಇಲ್ಲಿ ಯಾರೂ ಬಾಗಿಲಲ್ಲಿ ನಿಂತು ಮಕ್ಕಳನ್ನು ಎಣಿಸಿಲ್ಲ. ಮಕ್ಕಳಿಗೆ ಒಳ್ಳೆಯ ಮಿಠಾಯಿ ಎಲ್ಲಿ ಸಿಗಬಹುದು ಎಂಬ ಊಹೆಗೆ ಅಂಕಿ ತೊಡಿಸಿದ್ದಾರೆ, ಅಷ್ಟೆ.

ಕಾರಿನಲ್ಲಿ ಬರುವ ಮಕ್ಕಳು

ಹಳ್ಳಿಗಾಡಿನಲ್ಲಿ ಒಂದು ತೋಟದ ಮನೆಗೂ ಇನ್ನೊಂದಕ್ಕೂ ಅರ್ಧ ಮೈಲಿ ಇರುತ್ತದೆ. ಹೆದ್ದಾರಿ ಬದಿಯ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಫುಟ್‌ಪಾತೇ ಇರುವುದಿಲ್ಲ. ಅಂಥ ಅಪ್ಪ ಅಮ್ಮಂದಿರು ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಒಳ್ಳೆಯ ಬೀದಿಗೆ ಕರೆತರುತ್ತಾರೆ. "ಇವರು ನಮ್ಮ ಏರಿಯಾದವರಲ್ಲ" ಎಂಬ ಗೊಣಗಾಟವೂ ಪ್ರತಿವರ್ಷ ಇದ್ದದ್ದೇ. 2014ರಲ್ಲಿ ಶ್ರೀಮಂತ ಬಡಾವಣೆಯ ನಿವಾಸಿಯೊಬ್ಬರು ಸ್ಲೇಟ್ ಪತ್ರಿಕೆಯ ಸಲಹಾ ಅಂಕಣಕ್ಕೆ ಹೀಗೇ ದೂರು ಬರೆದರು. ಅಂಕಣಕಾರ್ತಿ ಅವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡು, ಹೋಗಿ ಇನ್ನಷ್ಟು ಮಿಠಾಯಿ ಕೊಂಡು ತನ್ನಿ ಎಂದರು. ನಮಗೂ ಅದೇ ಸರಿ ಅನ್ನಿಸುತ್ತದೆ. ಮೇಲಿನ ಬಾಗಿಲುಗಳ ಲೆಕ್ಕವನ್ನು ಒಮ್ಮೆ ನೋಡಿದವರಿಗೆ, ಕಾರಿನಲ್ಲಿ ಬರುವುದು ದುರಾಸೆ ಎನ್ನಿಸುವುದಿಲ್ಲ.

ಮಳೆ ಬಂದರೆ ಎಲ್ಲ ಬೀದಿಯೂ ಒಂದೇ. 1991ರ ಹ್ಯಾಲೋವೀನ್ ದಿನ ಶುರುವಾದ ಹಿಮಪಾತ ಮಿನ್ನೆಸೋಟದ ಅವಳಿ ನಗರಗಳಲ್ಲಿ 28 ಇಂಚು ದಾಟಿತು. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಡಿದಾಗ, ಕನ್ನಡಿಗರು ಬಹಳ ಮಂದಿ ಇರುವ ನ್ಯೂಜೆರ್ಸಿಯಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಆದೇಶ ಹೊರಡಿಸಿ ಹ್ಯಾಲೋವೀನ್ ಅನ್ನು ನವೆಂಬರ್ 5ಕ್ಕೆ ಮುಂದೂಡಿದರು.

ಹಾಗಾದರೆ ವಿಷ?

ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್ ದಶಕಗಳಿಂದ ಇದೊಂದನ್ನೇ ಬೆನ್ನು ಹತ್ತಿದ್ದಾರೆ. 1985ರಲ್ಲಿ ಸಹಲೇಖಕರೊಬ್ಬರ ಜೊತೆ ಮೊದಲ ಅಧ್ಯಯನ ಪ್ರಕಟಿಸಿದರು, ಆಮೇಲೂ ವರ್ಷವರ್ಷ ಲೆಕ್ಕ ಇಟ್ಟಿದ್ದಾರೆ. 1958ರಿಂದ ಈಚಿನ ಪತ್ರಿಕಾ ವರದಿಗಳನ್ನೆಲ್ಲ ಜಾಲಾಡಿದ ಅವರಿಗೆ, ಮನೆಮನೆಗೆ ಹೋದಾಗ ಅಪರಿಚಿತರು ಕೊಟ್ಟ ಮಿಠಾಯಿಯಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಪ್ರಕರಣವೂ ಸಿಕ್ಕಿಲ್ಲ. ಸೂಜಿ ಸಿಕ್ಕಿತು, ಪಿನ್ನು ಸಿಕ್ಕಿತು ಎಂಬ ದೂರುಗಳಲ್ಲಿ ಬಹುಪಾಲು ಮಕ್ಕಳೇ ಅಥವಾ ಮನೆಯವರೇ ಮಾಡಿದ ತಮಾಷೆ, ನಾಟಕ.

ಆದರೆ ಒಂದು ಸಾವು ನಿಜವಾಗಿಯೂ ಆಗಿದೆ, ಫಾರ್ವರ್ಡ್‌ಗಳ ಬೇರು ಅಲ್ಲೇ ಇದೆ. 1974ರ ಅಕ್ಟೋಬರ್ 31, ಟೆಕ್ಸಸ್. ಮಳೆ ಬರುತ್ತಿತ್ತು. ರೊನಾಲ್ಡ್ ಕ್ಲಾರ್ಕ್ ಓಬ್ರಯನ್ ಎಂಬಾತ ತನ್ನ ಮಕ್ಕಳನ್ನೂ ಪರಿಚಯದವರ ಮಕ್ಕಳನ್ನೂ ಕರೆದುಕೊಂಡು ಹೊರಟಿದ್ದ. ದಾರಿಯಲ್ಲಿ ಒಂದು ಮನೆಯ ಲೈಟು ಆರಿತ್ತು, ಬಾಗಿಲು ತಟ್ಟಿದರೆ ಯಾರೂ ತೆಗೆಯಲಿಲ್ಲ. ಮಕ್ಕಳು ಮುಂದಕ್ಕೆ ಓಡಿದರು, ಆತ ಹಿಂದೆ ಉಳಿದ. ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ತುಂಬಿದ ಸಿಹಿ ಪುಡಿ ಹಿಡಿದು ಬಂದು, ಆ ಮನೆಯವರು ಕೊಟ್ಟರೆಂದು ಹೇಳಿದ. ಆ ರಾತ್ರಿ ಅದನ್ನು ತಿಂದ ಅವನ ಎಂಟು ವರ್ಷದ ಮಗ ಸತ್ತ. ಪುಡಿಯಲ್ಲಿ ಸಯನೈಡ್ ಇತ್ತು. ಪೊಲೀಸರು ಕತ್ತಲ ಮನೆಯವನನ್ನು ಹಿಡಿದರೆ, ಅವನು ಆ ಹೊತ್ತಿನಲ್ಲಿ ವಿಮಾನ ನಿಲ್ದಾಣದಲ್ಲಿ ಕೆಲಸದಲ್ಲಿದ್ದುದನ್ನು ಇನ್ನೂರಕ್ಕೂ ಹೆಚ್ಚು ಜನ ಖಚಿತಪಡಿಸಿದರು. ವಿಷ ಹಾಕಿದವನು ಅಪ್ಪನೇ, ಮಕ್ಕಳ ಹೆಸರಿನಲ್ಲಿದ್ದ ವಿಮೆಯ ಹಣಕ್ಕಾಗಿ. ತಪ್ಪು ಅಪರಿಚಿತರ ಮೇಲೆ ಹೋಗಲೆಂದು ಉಳಿದ ಮಕ್ಕಳಿಗೂ ಅಂಥದ್ದೇ ಕೊಳವೆ ಕೊಟ್ಟಿದ್ದ. ಅದೃಷ್ಟಕ್ಕೆ ಬೇರೆ ಯಾರೂ ತಿನ್ನಲಿಲ್ಲ. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು.

ಗಮನಿಸಿ, ವಿಷದ ಮಿಠಾಯಿ ಹಂಚುವ ಅಪರಿಚಿತ ಇದ್ದೇ ಇರುತ್ತಾನೆ ಎಂದು ಜನ ಆಗಲೇ ನಂಬಿದ್ದರು. ಆ ನಂಬಿಕೆಯ ಮರೆಯಲ್ಲೇ ಆತ ಕೊಲೆ ಮಾಡಿದ.

1982ರ ಶರತ್ಕಾಲದಲ್ಲಿ ಶಿಕಾಗೊ ಸುತ್ತಮುತ್ತ ಟೈಲೆನಾಲ್ ಮಾತ್ರೆಗೆ ಯಾರೋ ಸಯನೈಡ್ ಸೇರಿಸಿ ಏಳು ಜನ ಸತ್ತರು. ಹ್ಯಾಲೋವೀನ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೂ ಆ ವರ್ಷ ಹಲವು ಊರುಗಳು ಮನೆಮನೆ ಸುತ್ತುವುದಕ್ಕೆ ನಿರ್ಬಂಧ ಹಾಕಿದವು, ಆಸ್ಪತ್ರೆಗಳು ಮಿಠಾಯಿಗೆ ಎಕ್ಸ್‌ರೇ ತೆಗೆದುಕೊಟ್ಟವು. ಮುಂದೆ ಚರ್ಚು, ಶಾಲೆಗಳ ಪಾರ್ಕಿಂಗ್ ಜಾಗದಲ್ಲಿ ಕಾರುಗಳ ಡಿಕ್ಕಿ ತೆರೆದಿಟ್ಟು ಅಲ್ಲೇ ಮಿಠಾಯಿ ಹಂಚುವ "ಟ್ರಂಕ್ ಆರ್ ಟ್ರೀಟ್" ಹಬ್ಬಿತು. ಅಷ್ಟರ ಮಟ್ಟಿಗೆ ಬೀದಿಗಳು ಖಾಲಿಯಾದವು. ಅಂದರೆ ಫಾರ್ವರ್ಡ್ ಹೇಳುವುದರಲ್ಲಿ ಒಂದು ಚೂರು ನಿಜವಿದೆ: ಭಯದಿಂದ ಕೆಲವು ಬೀದಿಗಳಿಗೆ ಮಕ್ಕಳು ಕಡಿಮೆಯಾದರು. ಆ ಭಯವನ್ನು ಹಂಚಿದ್ದು ಇಂಥದ್ದೇ ಸುದ್ದಿಗಳು.

2022ರಲ್ಲಿ ಬಣ್ಣಬಣ್ಣದ ಫೆಂಟಾನಿಲ್ ಮಾತ್ರೆಗಳ ಬಗ್ಗೆ ಅಮೆರಿಕದ ಮಾದಕದ್ರವ್ಯ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಾಗಲೂ ಹೀಗೇ ಆಯಿತು. ಹ್ಯಾಲೋವೀನ್‌ಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ ಎಂದು ಆ ಸಂಸ್ಥೆಯ ಮುಖ್ಯಸ್ಥೆಯೇ ಹೇಳಿದರೂ ಮೆಸೇಜುಗಳು ನಿಲ್ಲಲಿಲ್ಲ. ನಮ್ಮ ಶಾಲಾ ಪೋಷಕರ ಗ್ರೂಪುಗಳಿಗೆ ಬರುವ "ಸ್ಟ್ರಾಬೆರಿ ಪರಿಮಳದ ಡ್ರಗ್ಸ್ ಅನ್ನು ಶಾಲೆ ಮುಂದೆ ಮಕ್ಕಳಿಗೆ ಕೊಡುತ್ತಿದ್ದಾರೆ" ಎಂಬ ಫಾರ್ವರ್ಡ್ ನೆನಪಿದೆಯೇ? ಅದೂ ಇದೇ ವಂಶದ್ದು. 2007ರಲ್ಲಿ ಅಮೆರಿಕದಲ್ಲಿ ಇ-ಮೇಲ್ ಆಗಿ ಓಡಾಡಿ, ವರ್ಷಗಳ ನಂತರ ವಾಟ್ಸ್ಯಾಪ್ ಹತ್ತಿ ಇಲ್ಲಿಗೆ ಬಂದಿಳಿಯಿತು.

ಆ ರಾತ್ರಿ ಮಕ್ಕಳನ್ನು ಕೊಲ್ಲುವುದು ಯಾವುದು?

ಕಾರು. ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಅಮೆರಿಕದಲ್ಲಿರುವ ನಿಮ್ಮವರಿಗೆ ಕಳಿಸುವುದಾದರೆ ಇದನ್ನು ಕಳಿಸಿ.

ಕೆನಡಾದ ವೈದ್ಯ ಸಂಶೋಧಕರು 1975ರಿಂದ 2016ರವರೆಗಿನ 42 ವರ್ಷಗಳ ಅಮೆರಿಕದ ಅಪಘಾತ ದಾಖಲೆಗಳನ್ನು ತೆಗೆದುಕೊಂಡರು. ಹ್ಯಾಲೋವೀನ್ ಸಂಜೆ 5ರಿಂದ ಮಧ್ಯರಾತ್ರಿವರೆಗೆ ಸತ್ತ ಪಾದಚಾರಿಗಳನ್ನು, ಒಂದು ವಾರ ಹಿಂದಿನ ಮತ್ತು ಒಂದು ವಾರ ನಂತರದ ಅದೇ ವೇಳೆಯ ಸಾವುಗಳ ಜೊತೆ ಹೋಲಿಸಿದರು. 42 ಹ್ಯಾಲೋವೀನ್ ಸಂಜೆಗಳಲ್ಲಿ 608 ಸಾವು. ಹೋಲಿಕೆಯ 84 ಸಂಜೆಗಳಲ್ಲಿ 851. ಸಂಜೆಗಳ ಸಂಖ್ಯೆ ಎರಡರಷ್ಟಿರುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹ್ಯಾಲೋವೀನ್ ಸಂಜೆ ಅಪಾಯ 43% ಹೆಚ್ಚು. 4ರಿಂದ 8 ವರ್ಷದ ಮಕ್ಕಳಲ್ಲಿ ಅದು ಹತ್ತು ಪಟ್ಟು. ಅಪಾಯ ತುಟ್ಟತುದಿಗೆ ಏರುವುದು ಸಂಜೆ 6 ಗಂಟೆಯ ಆಸುಪಾಸಿನಲ್ಲಿ. ಈ ಅಧ್ಯಯನ ಪ್ರಕಟವಾದದ್ದು ಮಕ್ಕಳ ವೈದ್ಯಕೀಯದ ಹೆಸರಾಂತ ಪತ್ರಿಕೆ ಜಾಮಾ ಪೀಡಿಯಾಟ್ರಿಕ್ಸ್‌ನಲ್ಲಿ.

ಈಗ ಬೀದಿಗಳ ಲೆಕ್ಕಕ್ಕೆ ವಾಪಸ್ ಬನ್ನಿ. ಫುಟ್‌ಪಾತ್ ಇಲ್ಲದ ಬಡಾವಣೆಯಲ್ಲಿ ಕಪ್ಪು ವೇಷದ ಮಗು ರಸ್ತೆಯಲ್ಲೇ ನಡೆಯುತ್ತದೆ. ಬಾಗಿಲುಗಳು ದೂರವಿದ್ದರೆ ಎದುರು ಸಾಲಿನ ಮನೆಗೆ ಅಡ್ಡ ಓಡುತ್ತದೆ. ಹೆಸರಾದ ಬೀದಿಗೆ ನೂರಾರು ಕುಟುಂಬಗಳು ಕಾರಿನಲ್ಲೇ ಬಂದು, ಪಾರ್ಕಿಂಗ್ ಹುಡುಕುತ್ತಾ ಅದೇ ಮಕ್ಕಳ ನಡುವೆ ಸುತ್ತುತ್ತವೆ. ಇದಕ್ಕೆ ಕೆಲವು ಊರುಗಳು ಕಂಡುಕೊಂಡ ಉಪಾಯ ಸರಳ: ಆ ಸಂಜೆ ಆ ಬೀದಿಗೆ ಕಾರು ಬಿಡದಿರುವುದು. ನ್ಯೂಯಾರ್ಕ್ ನಗರ 2022ರಲ್ಲಿ ಸುಮಾರು ನೂರು ಬೀದಿಗಳನ್ನು ಹ್ಯಾಲೋವೀನ್‌ಗಾಗಿ ಮುಚ್ಚಿತು. ಸ್ಯಾನ್ ಫ್ರಾನ್ಸಿಸ್ಕೊದ ಆ ಎರಡು ಬೀದಿಗಳಿಗೂ ಆ ಸಂಜೆ ಕಾರು ಬರುವಂತಿಲ್ಲ. ನಿಮ್ಮವರ ಊರಿನಲ್ಲಿ ಹಾಗಿಲ್ಲದಿದ್ದರೆ ಮಕ್ಕಳ ವೇಷಕ್ಕೆ ಹೊಳೆಯುವ ಪಟ್ಟಿ ಅಂಟಿಸಿ, ಕೈಗೆ ಟಾರ್ಚು ಕೊಟ್ಟು, ಮುಖವಾಡದ ಬದಲು ಬಣ್ಣ ಬಳಿದು ಕಳಿಸಲಿ. ಒಂದು ಬದಿಯ ಮನೆಗಳನ್ನೆಲ್ಲ ಮುಗಿಸಿ, ಕ್ರಾಸಿಂಗ್‌ನಲ್ಲಿ ದಾಟಿ, ಆಮೇಲೆ ಇನ್ನೊಂದು ಬದಿಗೆ ಹೋಗಲಿ. ಮನೆಗೆ ಬಂದ ಮೇಲೆ ಮಿಠಾಯಿ ನೋಡಬೇಕಾದದ್ದು ಅಲರ್ಜಿ ತರುವ ಕಡಲೆಕಾಯಿ, ಬಾದಾಮಿಗಾಗಿ, ಮತ್ತು ಪುಟ್ಟ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಗಟ್ಟಿ ಮಿಠಾಯಿಗಾಗಿ.

ಟೆಕ್ಸಸ್‌ನ ಆ ಮನೆ

ನಮ್ಮ ಓದುಗರಿಗೆ ನಾವು ಮೂರು ಪ್ರಶ್ನೆ ಕೇಳಿದೆವು. ಬೀದಿ ಹೇಗಿದೆ? ಡೆಡ್ ಎಂಡ್, ಮಗಳದ್ದು ಕೊನೆಯಿಂದ ಎರಡನೇ ಮನೆ. ಅಕ್ಕಪಕ್ಕದವರು? ಹೆಚ್ಚಿನವರು ನಿವೃತ್ತರು. ಮುಂದಿನ ಲೈಟು ಹಾಕಿದ್ದರಾ?

ಇದಕ್ಕೆ ಉತ್ತರ ಬರಲು ಒಂದು ದಿನ ಹಿಡಿಯಿತು. ಆ ವರ್ಷ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ ಬಿದ್ದಿತ್ತು. ಮೆಟ್ಟಿಲ ಮೇಲೆ ಸಾಲಾಗಿ ಹಣತೆ ಹಚ್ಚಿದ್ದರು. ಹಣತೆಯ ಬೆಳಕು ಚೆನ್ನಾಗಿ ಕಾಣಲೆಂದು ಮಗಳೇ ಹೊರಗಿನ ಬಲ್ಬನ್ನು ಆರಿಸಿದ್ದಳಂತೆ.

ದೂರದಿಂದ ಮಗುವಿಗೆ ಕಂಡದ್ದು ಆರಿದ ಬಲ್ಬು. ಬಲ್ಬ್ ಉರಿಯುತ್ತಿದ್ದರೂ ಆ ಬೀದಿಯ ತುದಿಗೆ ಹೆಚ್ಚು ಮಕ್ಕಳು ಬರುತ್ತಿರಲಿಲ್ಲ ಎಂದು ನಾವು ಅವರಿಗೆ ಬರೆದೆವು. ಅವರು ಇಂಡಿಯಾದವರು ಎಂಬ ಕಾರಣಕ್ಕೆ ಬರಲಿಲ್ಲ ಎನ್ನಲು ನಮಗೆ ಯಾವ ಆಧಾರವೂ ಕಾಣಲಿಲ್ಲ ಎಂದೂ ಬರೆದೆವು. 2025ರಲ್ಲಿ ದೀಪಾವಳಿ ಮೊದಲೇ ಮುಗಿದಿತ್ತು. ಮಗಳು ಬಲ್ಬ್ ಹಾಕಿ, ಒಂದು ಕುರ್ಚಿ ತೆಗೆದುಕೊಂಡು ಹೋಗಿ ಬೀದಿ ಮುಖ್ಯರಸ್ತೆಗೆ ಕೂಡುವ ಮೂಲೆಯಲ್ಲಿ ಬುಟ್ಟಿ ಹಿಡಿದು ಕೂತಳಂತೆ. ಎಂಟು ಗಂಟೆಯೊಳಗೆ ಎರಡೂ ಚೀಲ ಖಾಲಿ.